ಮೇಣದ ಲೇಸಿಂಗ್ ಟೇಪ್: ಒಂಬತ್ತು ವರ್ಷ ಕೈಗೆ ಅಂಟಿಸಿಕೊಂಡ ಮೇಲೆ

ವಿಮಾನದ ವೈರ್ ಹಾರ್ನೆಸ್, ಅಂದರೆ ಕವಲುಗಳಿರುವ ವೈರುಗಳ ಕಟ್ಟು, ಕಟ್ಟುವ ಕೆಲಸಕ್ಕೆ ಸೇರಿ ಒಂಬತ್ತು ವರ್ಷ ಆಯಿತು. ಕ್ರಿಂಪ್ ಟೂಲ್ ಬದಲಾಯಿತು, ಹೀಟ್ ಗನ್ ಎರಡು ಸಲ ಬದಲಾಯಿತು. ವೈರುಗಳನ್ನು ಸೇರಿಸಿ ಗಂಟು ಹಾಕುವ ಚಪ್ಪಟೆ ದಾರ, ಮೇಣ ಹಚ್ಚಿದ ನೈಲಾನ್ ಲೇಸಿಂಗ್ ಟೇಪ್ ಮಾತ್ರ ಇವತ್ತಿಗೂ ಮೇಜಿನ ಮೇಲಿದೆ. ಅಮೆರಿಕದ ಎ-ಎ-52080 ಮಾನದಂಡದ್ದು, ಸೈಜ್ 3. ಅಗಲ ಎಷ್ಟು, ಎಷ್ಟು ಎಳೆತ ತಡೆಯುತ್ತದೆ ಅನ್ನುವುದೆಲ್ಲ ಡೇಟಾ ಶೀಟ್‌ನಲ್ಲಿದೆ. ನಾನು ಬರೆಯುತ್ತಿರುವುದು ಆ ಮೇಣದ ಬಗ್ಗೆ.

ಮೊದಲ ವರ್ಷ ಆ ಮೇಣ ಕಂಡರೆ ನನಗೆ ಆಗುತ್ತಿರಲಿಲ್ಲ. ಬೆರಳೆಲ್ಲ ಅಂಟು. ಅಂಟಿನ ಮೇಲೆ ಧೂಳು, ವೈರ್ ಸುಲಿದಾಗ ಉದುರಿದ ಹೊದಿಕೆಯ ಚೂರು. ಸೆಕೆ ಜಾಸ್ತಿಯಾದ ದಿನ ಸ್ಪೂಲ್ ಇನ್ನೂ ಮೆತ್ತಗಾಗುತ್ತಿತ್ತು. ಕನೆಕ್ಟರ್‌ನ ಪಿನ್‌ಗಳಿಗೆ ಮೇಣ ತಾಗಬಾರದು. ಹಾಗಾಗಿ ಕ್ರಿಂಪ್ ಮಾಡುವ, ಅಂದರೆ ವೈರಿಗೆ ಪಿನ್ ಒತ್ತಿ ಕೂರಿಸುವ ಮೇಜಿಗೆ ಹೋಗುವಾಗೆಲ್ಲ ಕೈ ತೊಳೆಯಬೇಕು. ದಿನಕ್ಕೆ ನೂರಿಪ್ಪತ್ತು ಗಂಟು ಬಿಗಿದರೆ ಕಿರುಬೆರಳಿನ ಮಡಿಕೆಯಲ್ಲಿ ಚರ್ಮ ಕೊಯ್ದುಕೊಳ್ಳುತ್ತದೆ, ಅಲ್ಲಿಗೂ ಮೇಣ ಸೇರಿ ಉರಿಯುತ್ತದೆ.

ಇಷ್ಟು ಕಷ್ಟ ಯಾಕೆ, ಪ್ಲಾಸ್ಟಿಕ್ ಕೇಬಲ್ ಟೈ ಹಾಕಿದರೆ ಆಗುವುದಿಲ್ಲವಾ ಅಂತ ಹೊಸಬರು ಕೇಳುತ್ತಾರೆ. ನಾನೂ ಕೇಳಿದ್ದೆ. ಕೇಬಲ್ ಟೈ ತಲೆ ಗಟ್ಟಿ ಗುಬುಟು. ಕಂಪನದಲ್ಲಿ ಪಕ್ಕದ ವೈರಿಗೆ ಉಜ್ಜುತ್ತಲೇ ಇರುತ್ತದೆ. ಅದರ ಬಾಲ ಓರೆಯಾಗಿ ಕತ್ತರಿಸಿದರೆ ಬ್ಲೇಡಿನ ಹಾಗೆ ಚೂಪು. ಸಿಗ್ನಲ್ ಒಯ್ಯುವ ಕೋಆಕ್ಸ್ ಕೇಬಲ್ ಮೇಲೆ ಬಿಗಿಯಾಗಿ ಎಳೆದರೆ ಒಳಗಿನ ಪದರ ಅಮುಕಿ, ಸಿಗ್ನಲ್‌ಗೆ ಅದು ಒಡ್ಡುವ ತಡೆ, ಇಂಪೀಡೆನ್ಸೇ ಬದಲಾಗುತ್ತದೆ. ಹೊದಿಕೆ ಸವೆಯುವುದು ಸಣ್ಣ ವಿಷಯ ಅಲ್ಲ. 1998ರಲ್ಲಿ ಸ್ವಿಸ್‌ಏರ್ 111 ವಿಮಾನ ಸಮುದ್ರಕ್ಕೆ ಬಿದ್ದು 229 ಜನ ಸತ್ತರು. ಮನರಂಜನಾ ವ್ಯವಸ್ಥೆಯ ವೈರಿನಲ್ಲಿ ಕಿಡಿ ಹಾರಿ ಹತ್ತಿರದಲ್ಲಿದ್ದ ಶಾಖನಿರೋಧಕ ಹಾಸಿನ ಹೊದಿಕೆಗೆ ಬೆಂಕಿ ಹತ್ತಿರಬೇಕು ಅಂತ ತನಿಖೆ ಹೇಳಿತು. ಆ ವೈರಿನ ಹೊದಿಕೆ ಹೇಗೆ ಹಾಳಾಯಿತೋ, ಆದರೆ ಅದನ್ನು ಓದಿದ ಮೇಲೆ ಕೇಬಲ್ ಟೈ ಕಡೆ ನಾನು ಮತ್ತೆ ನೋಡಲಿಲ್ಲ.

ಆದರೂ ಮೇಣ ಬೇಡ ಅನಿಸಿತ್ತು. ಎರಡನೇ ವರ್ಷ ಮೇಣವಿಲ್ಲದ ಪಾಲಿಯೆಸ್ಟರ್ ಟೇಪ್ ಕೇಳಿ ತರಿಸಿಕೊಂಡೆ. ಕೈ ಸ್ವಚ್ಛ, ಮೇಜು ಸ್ವಚ್ಛ. ಮೂರು ದಿನ ಖುಷಿಯಾಗಿ ಕೆಲಸ ಮಾಡಿದೆ. ಸುಮಾರು ಎರಡೂವರೆ ಮೀಟರ್ ಉದ್ದದ ಹಾರ್ನೆಸ್, ನಾಲ್ಕು ಕವಲು. ವೈರ್ ಹರಡಿ ಕಟ್ಟುವ ಬೋರ್ಡಿನ ಮೊಳೆಗಳಿಂದ ಎತ್ತಿ ಹಿಡಿದೆ ನೋಡಿ, ಗಂಟುಗಳು ಒಂದೊಂದಾಗಿ ಕವಲಿನ ಕಡೆ ಜರುಗಿದವು. ಇಟಿಎಫ್‌ಇ ಅನ್ನುವ ಪ್ಲಾಸ್ಟಿಕ್ ಹೊದಿಕೆಯ ವೈರ್ ಮೊದಲೇ ಜಾರುತ್ತದೆ. ನಲವತ್ತು ಗಂಟು ಬಿಚ್ಚಿ ಮತ್ತೆ ಹಾಕಬೇಕಾಯಿತು.

ಬೈಗುಳ ಬೀಳುತ್ತದೆ ಅಂದುಕೊಂಡಿದ್ದೆ. ನಮ್ಮ ಇನ್‌ಸ್ಪೆಕ್ಟರ್ ಮೇಡಂ ಬೈಯಲಿಲ್ಲ. ಎರಡೂ ಟೇಪ್ ಮುಂದಿಟ್ಟು, "ಮೊದಲನೇ ಅರ್ಧ ಗಂಟು ಬಿಗಿದು ಕೈ ಬಿಡಿ, ನೋಡೋಣ" ಅಂದರು. ಮೇಣವಿಲ್ಲದ್ದು ಕೈ ಬಿಟ್ಟ ಕೂಡಲೇ ಉಸಿರು ಬಿಟ್ಟ ಹಾಗೆ ಸಡಿಲವಾಯಿತು. ಮೇಣದ್ದು ಬಿಗಿದಲ್ಲೇ ನಿಂತಿತು. ಎರಡನೇ ಅರ್ಧ ಹಾಕುವಷ್ಟು ಹೊತ್ತು ಮೊದಲನೆಯದನ್ನು ಯಾರಾದರೂ ಹಿಡಿದುಕೊಂಡಿರಬೇಕು ಅಲ್ವಾ? ಆ ಕೆಲಸ ಮೇಣದ್ದು. ಒಂದು ವರ್ಷ ಇಡೀ ನಾನು ತೊಳೆದು ತೊಳೆದು ಬೈದಿದ್ದು ಅದನ್ನೇ.

ಮೇಣವಿಲ್ಲದ ಟೇಪಿನಲ್ಲಿ ಚೆನ್ನಾಗಿ ಕಟ್ಟುವವರೂ ಇದ್ದಾರೆ, ಮೊದಲ ಅರ್ಧವನ್ನು ಬೆರಳಲ್ಲಿ ಒತ್ತಿ ಹಿಡಿಯುತ್ತಾರೆ. ನನ್ನ ಬೆರಳಿಗೆ ಆ ಬಲ ಇಲ್ಲ.

ಈಗ ದಿನದ ಆರಂಭ ಹೀಗೆ. ಸ್ಪೂಲನ್ನು ಎಡಗಡೆ ಇಡುತ್ತೇನೆ. ಮೊದಲೇ ತುಂಡು ಮಾಡಿ ಇಟ್ಟುಕೊಳ್ಳುವುದಿಲ್ಲ, ಸ್ಪೂಲಿನಿಂದಲೇ ಎಳೆದು ಕಟ್ಟಿ ಆಮೇಲೆ ಕತ್ತರಿಸಿದರೆ ಟೇಪ್ ಉಳಿಯುತ್ತದೆ. ಕಟ್ಟಿನ ಸುತ್ತ ಒಂದು ಸುತ್ತು ತಂದು, ಅದರ ಮೇಲೇ ಅಡ್ಡ ಹಾಯಿಸಿ, ಇನ್ನೊಂದು ಸುತ್ತು ಹಾಕಿ, ಆ ಅಡ್ಡದ ಕೆಳಗೆ ತುದಿ ನುಗ್ಗಿಸುತ್ತೇನೆ. ಇದು ಕ್ಲೋವ್ ಹಿಚ್. ಅದರ ಮೇಲೆ ಸ್ಕ್ವೇರ್ ನಾಟ್: ಬಲದ ತುದಿ ಎಡದ ಮೇಲೆ, ಆಮೇಲೆ ಎಡಕ್ಕೆ ಬಂದ ಆ ತುದಿಯೇ ಬಲದ್ದರ ಮೇಲೆ. ಇಲ್ಲಿ ತಪ್ಪಿದರೆ ಗಂಟು ನೋಡಲು ಸರಿಯಾಗೇ ಇರುತ್ತದೆ, ಕಂಪನದಲ್ಲಿ ಬಿಚ್ಚುತ್ತದೆ. ಟೇಪ್ ಚಪ್ಪಟೆಯಾಗಿ ಕೂರಬೇಕು, ತಿರುಚಿದರೆ ಹೊದಿಕೆಗೆ ಒತ್ತುತ್ತದೆ. ಕೊನೆಗೆ ಹೆಬ್ಬೆರಳಿನಿಂದ ಉದ್ದಕ್ಕೆ ತಳ್ಳಿ ನೋಡುತ್ತೇನೆ. ಗಂಟು ಜರುಗಬಾರದು, ವೈರ್ ಮೇಲೆ ಕುಳಿಯೂ ಬೀಳಬಾರದು. ಬಾಲ ಸುಮಾರು ಒಂದು ಸೆಂಟಿಮೀಟರ್ ಬಿಟ್ಟು ಕತ್ತರಿಸಿ, ಚೂರನ್ನು ಡಬ್ಬಿಗೆ ಹಾಕುತ್ತೇನೆ. ಒಂದು ಚೂರೂ ವಿಮಾನದ ಒಳಗೆ ಹೋಗಬಾರದು.

ಒಂದು ಗಂಟಿಗೆ ನನಗೆ ಸುಮಾರು 40 ಸೆಂಟಿಮೀಟರ್ ಬೇಕು. ಸ್ಪೂಲ್ 500 ಗಜ, ಅಂದರೆ 457 ಮೀಟರ್. ಸಾವಿರದ ನೂರು ಗಂಟಿನ ಹತ್ತಿರ ಬರುತ್ತದೆ. ಒಂಬತ್ತು ದಿನದ ಕೆಲಸಕ್ಕೆ ಒಂದು ಸ್ಪೂಲ್, ನನ್ನ ಲೆಕ್ಕಕ್ಕೆ ಇದು ದುಬಾರಿಯಲ್ಲ.

ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎಯ ಮಾರ್ಗದರ್ಶಿ ಎಸಿ 43.13-1ಬಿ ಪ್ರಕಾರ, ವೈರುಗಳನ್ನು ಹಿಡಿದಿಡುವ ಕ್ಲ್ಯಾಂಪ್‌ಗಳ ನಡುವೆ 12 ಇಂಚಿಗಿಂತ ಜಾಸ್ತಿ ಅಂತರ ಇದ್ದರೆ ವೈರುಗಳನ್ನು ಕಟ್ಟಬೇಕು. ಒಂದೇ ದಾರದಲ್ಲಿ ಉದ್ದಕ್ಕೂ ಹೆಣೆದುಕೊಂಡು ಹೋಗುವುದು ಪ್ಯಾನಲ್ ಮತ್ತು ಜಂಕ್ಷನ್ ಬಾಕ್ಸ್ ಒಳಗೆ ಮಾತ್ರ. ಉಳಿದ ಕಡೆ ಬಿಡಿ ಬಿಡಿ ಗಂಟು. ಮೊದಲು ಇದು ಸುಮ್ನೆ ಕೆಲಸ ಜಾಸ್ತಿ ಮಾಡುವ ನಿಯಮ ಅನಿಸಿತ್ತು. ಕಳೆದ ವರ್ಷ ನಾನು ಏಳು ವರ್ಷದ ಹಿಂದೆ ಕಟ್ಟಿದ ಒಂದು ಹಾರ್ನೆಸ್ ವಾಪಸ್ ಬಂತು. ಡಿಸೈನ್ ಬದಲಾಗಿತ್ತು, ಎರಡು ವೈರ್ ಹೊಸದಾಗಿ ಸೇರಿಸಬೇಕಿತ್ತು. ಆ ದಾರಿಯ ಹದಿನೈದು ಗಂಟು ಮಾತ್ರ ಕತ್ತರಿಸಿದೆ. ಉಳಿದವು ಅಲ್ಲಾಡಲಿಲ್ಲ. ಕತ್ತರಿಸಿದ ಕಡೆ ವೈರ್ ಮೇಲೆ ಬೆರಳಾಡಿಸಿದೆ. ಕುಳಿ ಇಲ್ಲ, ಗೀರು ಇಲ್ಲ. ಮೇಣದ ತೆಳು ಗೆರೆ ಮಾತ್ರ ಇತ್ತು. ಒಂದು ನಿಮಿಷ ಸುಮ್ಮನೆ ಕೂತಿದ್ದೆ, ಅಷ್ಟು ಸಂತೋಷ ಆಗಿತ್ತು.

ದೂರುಗಳು ಪೂರ್ತಿ ಹೋಗಿಲ್ಲ. ಧೂಳು ಈಗಲೂ ಕೂರುತ್ತದೆ, ಸ್ಪೂಲನ್ನು ಮುಚ್ಚಳದ ಡಬ್ಬಿಯಲ್ಲಿ ಇಡದಿದ್ದರೆ ಮೇಲಿನ ಪದರ ಕಪ್ಪಾಗುತ್ತದೆ. ಕಿರುಬೆರಳಿಗೆ ಬಟ್ಟೆ ಪಟ್ಟಿ ಸುತ್ತಿಕೊಳ್ಳುತ್ತೇನೆ. ಎಂಜಿನ್ ಹತ್ತಿರದ ಬಿಸಿ ಜಾಗಕ್ಕೆ ಇದನ್ನು ಎತ್ತಿಕೊಳ್ಳಲೇಬೇಡಿ, ಅಲ್ಲಿಗೆ ಗ್ಲಾಸ್ ಫೈಬರ್ ಅಥವಾ ಅರಾಮಿಡ್ ಟೇಪ್ ಬೇರೆಯೇ ಇದೆ, ಡ್ರಾಯಿಂಗ್ ನೋಡಿ ತೆಗೆದುಕೊಳ್ಳಿ. ಆ ಪಾಲಿಯೆಸ್ಟರ್ ಸ್ಪೂಲಿನಲ್ಲಿ ಅರ್ಧ ಇನ್ನೂ ಉಳಿದಿದೆ. ಹೊಸಬರು ಬಂದಾಗ ಎರಡನ್ನೂ ಅವರ ಮುಂದಿಟ್ಟು, ಮೊದಲನೇ ಅರ್ಧ ಗಂಟು ಬಿಗಿದು ಕೈ ಬಿಡಿ ಅನ್ನುತ್ತೇನೆ.