ಲಾಲ್‌ಬಾಗ್, ಕಬ್ಬನ್ ಪಾರ್ಕಿನ ಚಳಿಗಾಲದ ಅತಿಥಿಗಳಿಗೆ ನಿಕಾನ್ 200-500 ಎಂಎಂ ಲೆನ್ಸ್

ಚಳಿಗಾಲದಲ್ಲಿ ಬೆಂಗಳೂರಿನ ನಡುಮಧ್ಯೆಯೇ ಗ್ರೀನಿಶ್ ವಾರ್ಬ್ಲರ್, ಏಷ್ಯನ್ ಬ್ರೌನ್ ಫ್ಲೈಕ್ಯಾಚರ್‌ನಂಥ ವಲಸೆ ಹಕ್ಕಿಗಳು ಸಿಗುತ್ತವೆ. ಇವಕ್ಕೆ ಎಫ್/5.6 ಅಪರ್ಚರಿನ (ಬೆಳಕು ಒಳಬಿಡುವ ಕಿಂಡಿಯ) ಈ ಲೆನ್ಸ್ ಕೊಟ್ಟ ಹಣಕ್ಕೆ ನಿಜಕ್ಕೂ ಒಳ್ಳೆಯದು. ನಿಕಾನ್ ಡಿ7500ರಂಥ ಡಿಎಕ್ಸ್ (ಚಿಕ್ಕ ಸೆನ್ಸರಿನ) ಕ್ಯಾಮೆರಾದಲ್ಲಿ 750 ಎಂಎಂನಷ್ಟು ಹತ್ತಿರದ ನೋಟ ಸಿಗುತ್ತದೆ.

ವಾರ್ಬ್ಲರ್ ಕೂತಲ್ಲಿ ಕೂರುವುದಿಲ್ಲ. 200ರಲ್ಲಿ ಹಕ್ಕಿಯನ್ನು ಚೌಕಟ್ಟಿಗೆ ತಂದು, ಆಮೇಲೆ 500ಕ್ಕೆ ತಿರುಗಿಸಿ. ಜೂಮ್ ರಿಂಗ್ ಬಹಳ ದೂರ ತಿರುಗಬೇಕು, ಅದೇ ಇದರ ದೊಡ್ಡ ಕಿರಿಕಿರಿ. ಫೋಕಸ್ ಮಿತಿಯ ಸ್ವಿಚ್ಚನ್ನು 6 ಮೀಟರ್-ಅನಂತಕ್ಕೆ ಇಟ್ಟರೆ ಎಲೆಗಳ ನಡುವೆ ಫೋಕಸ್ ಹುಡುಕಾಡುವುದು ತಗ್ಗುತ್ತದೆ. ಹಕ್ಕಿ ಅದಕ್ಕಿಂತ ಹತ್ತಿರ ಬಂದರೆ ಸ್ವಿಚ್ ಬದಲಿಸಲೇಬೇಕು. ಶಟರ್ 1/1000 ಸೆಕೆಂಡ್, ಆಟೋ ಐಎಸ್‌ಒ (ಬೆಳಕಿಗೆ ಸೂಕ್ಷ್ಮತೆ) ಮಿತಿ 3200. ಬಿಳಿ ಆಕಾಶದ ಎದುರು ಎಕ್ಸ್‌ಪೋಷರ್ +1 ಮಾಡದಿದ್ದರೆ ಹಕ್ಕಿ ಬರೀ ಕಪ್ಪು ನೆರಳಾಗುತ್ತದೆ. ಎಫ್/7.1ರಲ್ಲಿ ಗರಿಯ ವಿವರ ಇನ್ನಷ್ಟು ಚೂಪು, ಆದರೆ ಮರದಡಿಯ ಮಬ್ಬಿನಲ್ಲಿ 5.6 ಬಿಡಬೇಡಿ.

ಬಿಸಿಲೇರಿದ ಮೇಲೆ ಡಾಂಬರು ರಸ್ತೆಯಾಚೆಯ ಮರಕ್ಕೆ ಗುರಿಯಿಟ್ಟರೆ ಚಿತ್ರ ಮೆತ್ತಗಾಗುತ್ತದೆ. ತಪ್ಪು ಲೆನ್ಸಿನದಲ್ಲ, ಬಿಸಿಗಾಳಿಯ ಅಲೆಯದು. ಬೆಳಿಗ್ಗೆ ಬೇಗ ಹೋಗಿ, ದೂರ ಕಡಿಮೆ ಮಾಡಿಕೊಳ್ಳಿ.

ತೂಕ 2.3 ಕೆಜಿ, ವಿಆರ್ (ಕೈನಡುಕ ತಗ್ಗಿಸುವ ವ್ಯವಸ್ಥೆ) ಚೆನ್ನಾಗಿರುವುದರಿಂದ ಮಾನೋಪಾಡ್ (ಒಂಟಿ ಕಾಲಿನ ಸ್ಟ್ಯಾಂಡ್) ಸಾಕು. ಹಾರುವ ಹಕ್ಕಿಗೆ ವಿಆರ್ ಸ್ಪೋರ್ಟ್ ಮೋಡ್‌ನಲ್ಲಿರಲಿ; ಆದರೂ ಫೋಕಸ್ ವೇಗ ಸಾಧಾರಣವೇ. ಡಿ90, ಡಿ3000ರಂಥ ಹಳೆಯ ಕ್ಯಾಮೆರಾ ಈ ಲೆನ್ಸಿನ ಅಪರ್ಚರ್ ನಿಯಂತ್ರಿಸಲಾರದು, ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನು ಮೊದಲೇ ನೋಡಿಕೊಳ್ಳಿ.