ವೋಟ್‌ವ್ಯೂ ವಿಮರ್ಶೆ: ಪಕ್ಷಗಳು ಮಗ್ಗುಲು ಬದಲಿಸಿದ್ದನ್ನು ತಲೆ ಎಣಿಸಿ ನೋಡುವುದು ಹೇಗೆ

ಅಮೆರಿಕದ ರಾಜಕೀಯದ ಬಗ್ಗೆ ವಾದಕ್ಕೆ ಇಳಿದವರು ಒಂದಲ್ಲ ಒಂದು ಹೊತ್ತಿಗೆ 1964ಕ್ಕೆ, ಅಂದರೆ ಜನಾಂಗ ಭೇದವನ್ನು ನಿಷೇಧಿಸಿದ ನಾಗರಿಕ ಹಕ್ಕು ಕಾಯ್ದೆ ಬಂದ ವರ್ಷಕ್ಕೆ, ಬಂದು ನಿಲ್ಲುತ್ತಾರೆ. ‘ನಾಗರಿಕ ಹಕ್ಕು ಕಾಯ್ದೆಗೆ ಹೆಚ್ಚು ಬೆಂಬಲ ಕೊಟ್ಟಿದ್ದು ರಿಪಬ್ಲಿಕನ್ನರು’ ಅಂತ ಒಬ್ಬರು ಅಂದರೆ, ‘ಆಮೇಲೆ ಎರಡೂ ಪಕ್ಷ ಅದಲುಬದಲಾದವಲ್ಲ’ ಅಂತ ಇನ್ನೊಬ್ಬರು. ಇಬ್ಬರದ್ದೂ ಅರ್ಧ ಸರಿ. ಉಳಿದ ಅರ್ಧ ಬೇಕಿದ್ದರೆ ವೋಟ್‌ವ್ಯೂ ತೆರೆಯಬೇಕು.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕ್ಯಾಂಪಸ್ ನಡೆಸುವ ಜಾಲತಾಣ ಇದು. ಕೀತ್ ಪೂಲ್ ಮತ್ತು ಹೊವರ್ಡ್ ರೋಸೆಂತಾಲ್ ಎಂಬ ಇಬ್ಬರು ರಾಜಕೀಯ ಶಾಸ್ತ್ರಜ್ಞರ ಕೆಲಸ ಇದರ ತಳಪಾಯ. 1789ರ ಮೊದಲ ಕಾಂಗ್ರೆಸ್ಸಿನಿಂದ ಈಚೆಗೆ ಎರಡೂ ಸದನಗಳಲ್ಲಿ ಹೆಸರು ಹಿಡಿದು ದಾಖಲಾದ ಮತಗಳೆಲ್ಲ ಇಲ್ಲಿವೆ. (ಕಾಂಗ್ರೆಸ್ ಅಂದರೆ ಅಲ್ಲಿ ಪಕ್ಷವಲ್ಲ, ಸಂಸತ್ತು, ಎರಡು ವರ್ಷಕ್ಕೊಂದು ಕ್ರಮಸಂಖ್ಯೆ.) ದುಡ್ಡಿಲ್ಲ, ಲಾಗಿನ್ ಇಲ್ಲ, ಜಾಹೀರಾತಿಲ್ಲ. ನಮ್ಮ ಸಂಸತ್ತಿಗೆ ಇಂಥದ್ದೊಂದು ಕಟ್ಟಿದರೂ ಉಪಯೋಗ ಕಡಿಮೆ. 1985ರ ಪಕ್ಷಾಂತರ ನಿಷೇಧ ತಿದ್ದುಪಡಿಯ ನಂತರ ವಿಪ್ ಮೀರಿದವರ ಸದಸ್ಯತ್ವಕ್ಕೇ ಸಂಚಕಾರ. ಹಾಗಾಗಿ ಸಂಸದರ ಮತ ನೋಡಿದರೆ ಪಕ್ಷದ ನಿಲುವು ಸಿಗುತ್ತದೆಯೇ ಹೊರತು ಅವರದ್ದಲ್ಲ. ಅಲ್ಲಿ ಆ ಕಟ್ಟು ಇಲ್ಲ. ಪಕ್ಷದೊಳಗಿನ ಬಿರುಕು ಮತಪಟ್ಟಿಯಲ್ಲೇ ಕಾಣುತ್ತದೆ.

ಪರೀಕ್ಷೆಗೆ 1964ರ ಮಸೂದೆಯನ್ನೇ ಹಾಕೋಣ. ಸಂಖ್ಯೆ ಎಚ್‌ಆರ್ 7152, ಕಾಂಗ್ರೆಸ್ 88. ಹುಡುಕುವ ಪೆಟ್ಟಿಗೆಯಲ್ಲಿ ‘ನಾಗರಿಕ ಹಕ್ಕು’ ಅಂತ ಇಂಗ್ಲಿಷಿನಲ್ಲಿ ಹೊಡೆದು ಬಿಟ್ಟರೆ ನೂರಾರು ಮತಗಳು ಎದುರಿಗೆ ಸುರಿಯುತ್ತವೆ. ಸೆನೆಟ್ಟಿನಲ್ಲಿ ಈ ಒಂದೇ ಮಸೂದೆಗೆ ನೂರಕ್ಕೂ ಹೆಚ್ಚು ರೋಲ್‌ಕಾಲ್ (ಹೆಸರು ಕೂಗಿ ಪಡೆಯುವ ಮತ) ನಡೆದಿತ್ತು, ಬಹುಪಾಲು ಅದನ್ನು ಸಡಿಲಗೊಳಿಸಲು ತಂದ ತಿದ್ದುಪಡಿಗಳು. ಸದನ, ಕಾಂಗ್ರೆಸ್ ಸಂಖ್ಯೆ, ದಿನಾಂಕ ಮೂರನ್ನೂ ಮೊದಲೇ ಬಿಗಿ ಮಾಡಿ. ಪ್ರತಿನಿಧಿ ಸಭೆ, 1964ರ ಫೆಬ್ರವರಿ 10: ಪರ 290, ವಿರುದ್ಧ 130. ಮತದ ಪುಟ ತೆರೆದರೆ ನಕ್ಷೆ, ಅದರ ಕೆಳಗೆ ಸದಸ್ಯರ ಪಟ್ಟಿ. ಪಟ್ಟಿಯನ್ನು ಪಕ್ಷವಾರು, ರಾಜ್ಯವಾರು ತಿರುಗಿಸಿ ನೋಡಬಹುದು.

ಪಕ್ಷವಾರು ನೋಡಿದರೆ ಡೆಮೊಕ್ರಾಟರು 152–96, ಅಂದರೆ ಶೇ. 61 ಪರ. ರಿಪಬ್ಲಿಕನ್ನರು 138–34, ಶೇ. 80. ವಾದದ ಮೊದಲನೆಯವರು ಇಲ್ಲಿಗೇ ಮೊಬೈಲ್ ಜೇಬಿಗಿಟ್ಟು ಗೆದ್ದೆ ಅನ್ನುತ್ತಾರೆ. ಆದರೆ ಅಂತರ್ಯುದ್ಧದ ಕಾಲಕ್ಕೆ ಒಕ್ಕೂಟ ಬಿಟ್ಟು ಹೋಗಿದ್ದ 11 ದಕ್ಷಿಣದ ರಾಜ್ಯಗಳನ್ನು ಬೇರೆ ಮಾಡಿ ಎಣಿಸಿ. ಉಳಿದ ರಾಜ್ಯಗಳ ಡೆಮೊಕ್ರಾಟರು 145–9, ಶೇ. 94. ಅಲ್ಲಿಯ ರಿಪಬ್ಲಿಕನ್ನರು 138–24, ಶೇ. 85. ದಕ್ಷಿಣದ ಡೆಮೊಕ್ರಾಟರು 7–87. ದಕ್ಷಿಣದ ರಿಪಬ್ಲಿಕನ್ನರು 0–10, ಪರವಾಗಿ ಒಬ್ಬರೂ ಇಲ್ಲ. ಎರಡೂ ಕಡೆ ಡೆಮೊಕ್ರಾಟರೇ ಮುಂದೆ, ಕೂಡಿಸಿದರೆ ರಿಪಬ್ಲಿಕನ್ನರು ಮುಂದೆ! ಲೆಕ್ಕ ತಪ್ಪಿಲ್ಲ. ದಕ್ಷಿಣದ 104 ಮಂದಿಯಲ್ಲಿ 94 ಜನ ಒಂದೇ ಪಕ್ಷದಲ್ಲಿ ಕೂತಿದ್ದರು, ಅವರ ಭಾರಕ್ಕೆ ಆ ಪಕ್ಷದ ಸರಾಸರಿ ಕುಸಿಯಿತು, ಅಷ್ಟೇ. ಸೆನೆಟ್ಟಿನಲ್ಲೂ ಇದೇ ಕತೆ: ಒಟ್ಟು 73–27, ದಕ್ಷಿಣದ 21 ಡೆಮೊಕ್ರಾಟರಲ್ಲಿ ಪರವಾಗಿ ನಿಂತಿದ್ದು ಟೆಕ್ಸಸ್‌ನ ರಾಲ್ಫ್ ಯಾರ್ಬರೊ ಒಬ್ಬರೇ.

ಈ ಬೇರ್ಪಡಿಸುವ ಕೆಲಸವನ್ನು ತಾಣ ತಾನಾಗಿ ಮಾಡಿಕೊಡುವುದಿಲ್ಲ, ದೊಡ್ಡ ಕೊರತೆ ಅದೇ. ಡೌನ್‌ಲೋಡ್ ಪುಟದಲ್ಲಿ 88ನೇ ಕಾಂಗ್ರೆಸ್ ಮಾತ್ರ ಆರಿಸಿ ಸದಸ್ಯರ ಫೈಲು, ಮತಗಳ ಫೈಲು ಎರಡನ್ನೂ ಸಿಎಸ್‌ವಿ ರೂಪದಲ್ಲಿ ಇಳಿಸಿಕೊಳ್ಳಿ. ಎಲ್ಲ ಕಾಂಗ್ರೆಸ್ಸುಗಳ ಮತಗಳನ್ನು ಒಟ್ಟಿಗೆ ಇಳಿಸುವ ಆಸೆ ಬೇಡ. ಎಕ್ಸೆಲ್ 10,48,576ನೇ ಸಾಲಿಗೆ ಕೈಚೆಲ್ಲುತ್ತದೆ, ಆ ಫೈಲು ಅದನ್ನು ಎಷ್ಟೋ ಮೀರಿದ್ದು. ಎರಡೂ ಫೈಲಿನಲ್ಲಿ ಐಸಿಪಿಎಸ್‌ಆರ್ ಎಂಬ ಕಾಲಂ ಇದೆ, ಸದಸ್ಯರ ಗುರುತಿನ ಸಂಖ್ಯೆ. ಅದನ್ನು ಹಿಡಿದು ಎಕ್ಸೆಲಿನ ವಿಲುಕಪ್ ಸೂತ್ರ ಹಾಕಿ ಪಕ್ಷ ಮತ್ತು ರಾಜ್ಯವನ್ನು ಮತದ ಪಕ್ಕಕ್ಕೆ ತನ್ನಿ. ಪಕ್ಷದ ಕೋಡ್ 100 ಅಂದರೆ ಡೆಮೊಕ್ರಾಟ್, 200 ರಿಪಬ್ಲಿಕನ್. ರಾಜ್ಯದ ಕೋಡ್ 40ರಿಂದ 49, ಜೊತೆಗೆ 54 (ಟೆನೆಸಿ): ಇವೇ ಆ ಹನ್ನೊಂದು. 51, 52, 53, 56 ನೋಡಲು ಪಕ್ಕಪಕ್ಕದಲ್ಲಿದ್ದರೂ ಕೆಂಟಕಿ, ಮೇರಿಲ್ಯಾಂಡ್, ಒಕ್ಲಹೋಮ, ಪಶ್ಚಿಮ ವರ್ಜೀನಿಯಾ. ಸೇರಿಸಿಕೊಂಡರೆ ಮೇಲಿನ ಅಂಕಿ ಬರುವುದಿಲ್ಲ. ವಿರುದ್ಧ ಮತ ಹಾಕಿದ ಪಶ್ಚಿಮ ವರ್ಜೀನಿಯಾದ ರಾಬರ್ಟ್ ಬರ್ಡ್ ದಕ್ಷಿಣದವರೋ ಅಲ್ಲವೋ ಎಂಬುದು ನೀವು ಎಳೆಯುವ ಗೆರೆಯ ಮೇಲೆ ನಿಂತಿದೆ. ಗೆರೆ ಎಲ್ಲಿ ಎಳೆದಿರಿ ಅಂತ ಬರೆದಿಟ್ಟುಕೊಳ್ಳಿ.

ಎಣಿಕೆ ತಪ್ಪುವ ಜಾಗಗಳು ಇನ್ನೂ ಇವೆ. ಮತದ ಕೋಡ್ 1 ಅಂದರೆ ಪರ, 6 ಅಂದರೆ ವಿರುದ್ಧ, 9 ಮತ ಹಾಕದವರು, 0 ಅಂದರೆ ಆಗ ಸದನದಲ್ಲೇ ಇರದವರು. ನಡುವಿನ 2ರಿಂದ 5 ವಿರುದ್ಧ ನಿಲುವಿನ ಇನ್ನೊಬ್ಬರ ಜೊತೆ ಜೋಡಿ ಮಾಡಿಕೊಂಡು ಗೈರಾದವರದು, ನಿಲುವು ಮಾತ್ರ ಘೋಷಿಸಿದವರದು. ಅಧಿಕೃತ 290–130 ಬರಬೇಕಿದ್ದರೆ 1 ಮತ್ತು 6 ಮಾತ್ರ ಎಣಿಸಿ. ಸದಸ್ಯರ ಫೈಲಿನಲ್ಲಿ ದೇಶದ ಅಧ್ಯಕ್ಷರಿಗೂ ಒಂದು ಸಾಲು ಇರುತ್ತದೆ, ಸದನದ ಕಾಲಂನಲ್ಲಿ ಫಿಲ್ಟರ್ ಹಾಕಿ ತೆಗೆಯಿರಿ. ಸೆನೆಟ್ಟಿನ ಸಾಲುಗಳು ನೂರು ದಾಟಿದರೆ ಗಾಬರಿ ಬೇಡ. ನಡುವೆ ತೀರಿಕೊಂಡವರು, ಅವರ ಜಾಗಕ್ಕೆ ಬಂದವರು ಇಬ್ಬರೂ ಇರುತ್ತಾರೆ.

ಪಕ್ಷ ಬದಲಿಸಿದವರಿಗೆ ಹೊಸ ಐಸಿಪಿಎಸ್‌ಆರ್ ಸಂಖ್ಯೆ ಕೊಡುವುದು ಇಲ್ಲಿಯ ಪದ್ಧತಿ. ದಕ್ಷಿಣ ಕ್ಯಾರೊಲಿನಾದ ಸ್ಟ್ರಾಮ್ ಥರ್ಮಂಡ್ ಜೂನ್ 1964ರಲ್ಲಿ ಡೆಮೊಕ್ರಾಟ್ ಆಗಿ ಮಸೂದೆಗೆ ವಿರುದ್ಧ ಮತ ಹಾಕಿ, ಸೆಪ್ಟೆಂಬರಿನಲ್ಲಿ ರಿಪಬ್ಲಿಕನ್ ಆದರು. ಅವರ ಪೂರ್ತಿ ಜಾತಕ ಬೇಕಿದ್ದರೆ ಬಯೋಗೈಡ್ ಎಂಬ ಇನ್ನೊಂದು ಗುರುತಿನ ಕಾಲಂ ಹಿಡಿಯಬೇಕು, ಅದು ಬದಲಾಗುವುದಿಲ್ಲ. 1983ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹೆಸರಿನ ರಾಷ್ಟ್ರೀಯ ರಜೆಗೆ ಸೆನೆಟ್ 78–22ರಲ್ಲಿ ಒಪ್ಪಿಗೆ ಕೊಟ್ಟಾಗ ಪರವಾಗಿದ್ದವರಲ್ಲಿ ಇದೇ ಥರ್ಮಂಡ್ ಇದ್ದಾರೆ. ಒಂದೇ ಸಂಖ್ಯೆ ಹಿಡಿದು ಹೋದವರಿಗೆ ಈ ಎರಡು ಮತ ಒಬ್ಬರದ್ದೇ ಅಂತ ಗೊತ್ತಾಗುವುದೇ ಇಲ್ಲ.

ತಾಣದ ಹೆಸರುವಾಸಿ ಸರಕು ನಾಮಿನೇಟ್ ಅಂಕ. ಎಲ್ಲ ಮತಗಳನ್ನೂ ಅರೆದು ಪ್ರತಿ ಸದಸ್ಯರಿಗೆ −1ರಿಂದ (ಎಡಪಂಥ) +1ರವರೆಗೆ (ಬಲಪಂಥ) ಒಂದು ಸ್ಥಾನ ಕೊಡುತ್ತದೆ. ಪತ್ರಿಕೆಗಳಲ್ಲಿ ಬರುವ ಧ್ರುವೀಕರಣದ ಚಿತ್ರಗಳು ಹೆಚ್ಚಾಗಿ ಇದರವೇ. ಆದರೆ ನಾಗರಿಕ ಹಕ್ಕಿನ ಪ್ರಶ್ನೆಗೆ ಇದನ್ನು ಕಣ್ಣುಮುಚ್ಚಿ ನಂಬಬಾರದು. ಮೊದಲ ಆಯಾಮ ಮುಖ್ಯವಾಗಿ ತೆರಿಗೆ, ಖರ್ಚು, ಸರ್ಕಾರದ ಪಾತ್ರ ಇವನ್ನು ಅಳೆಯುತ್ತದೆ. ಶತಮಾನದ ನಡುಭಾಗದ ಜನಾಂಗದ ಪ್ರಶ್ನೆ ಕಾಣುವುದು ಎರಡನೆಯ ಆಯಾಮದಲ್ಲಿ, ಅದೂ ಸರಿಸುಮಾರು 1930ರ ದಶಕದ ಕೊನೆಯಿಂದ 1970ರ ದಶಕದವರೆಗೆ. ಇನ್ನೊಂದು ಎಡವಟ್ಟು: ಮಾಮೂಲಿ ನಾಮಿನೇಟ್ ಕಾಲಂ ಒಬ್ಬರ ಇಡೀ ವೃತ್ತಿಗೆ ಒಂದೇ ಅಂಕ ಕೊಡುತ್ತದೆ. ‘ಇವರು ಮೂವತ್ತು ವರ್ಷದಲ್ಲಿ ಬದಲಾದರೇ’ ಅಂತ ಅದರಿಂದ ಗೆರೆ ಎಳೆದರೆ ಸಪಾಟಾದ ಗೆರೆ ಬರುತ್ತದೆ, ನೋಡಿದವರು ‘ಬದಲಾಗಲೇ ಇಲ್ಲ’ ಅಂದುಕೊಳ್ಳುತ್ತಾರೆ. ಅದಕ್ಕೆ ನೊಕ್ಕನ್–ಪೂಲ್ ಎಂಬ ಬೇರೆ ಕಾಲಂ ಇದೆ, ಪ್ರತಿ ಕಾಂಗ್ರೆಸ್ಸಿಗೂ ಹೊಸದಾಗಿ ಲೆಕ್ಕ ಹಾಕುತ್ತದೆ. ಮತಗಳ ಫೈಲಿನ ಸಂಭವನೀಯತೆಯ ಕಾಲಂ ಮಾತ್ರ ಚಿನ್ನ: ಹಾಕಿದ ಮತ ಎಷ್ಟು ನಿರೀಕ್ಷಿತ ಅಂತ ಅದು ಹೇಳುತ್ತದೆ. ಆ ಸಂಖ್ಯೆ ತೀರ ಕಡಿಮೆ ಇರುವವರನ್ನು ಮೇಲೆ ತನ್ನಿ, ನಿರೀಕ್ಷಿಸದ ಕಡೆ ಕೈ ಎತ್ತಿದವರ ಪಟ್ಟಿ ಸಿಗುತ್ತದೆ.

ತಾಣದಲ್ಲಿ ಇಲ್ಲದ್ದೂ ಇದೆ. 1964ರ ಕಾಯ್ದೆಯ ಉದ್ಯೋಗ ಅಧ್ಯಾಯಕ್ಕೆ ‘ಲಿಂಗ’ ಎಂಬ ಪದ ಸೇರಿಸಿದ್ದು ವರ್ಜೀನಿಯಾದ ಹೊವರ್ಡ್ ಸ್ಮಿತ್ ತಂದ ತಿದ್ದುಪಡಿ. ಸ್ಮಿತ್ ಸ್ವತಃ ಕಾಯ್ದೆಯ ಕಟ್ಟಾ ವಿರೋಧಿ. ಅಮೆರಿಕದ ಹೆಂಗಸರ ಕೆಲಸದ ಹಕ್ಕಿಗೆ ಇವತ್ತಿಗೂ ಆಸರೆಯಾದ ಆ ತಿದ್ದುಪಡಿ 168–133ರಲ್ಲಿ ಗೆದ್ದಿತು. ಯಾರು ಯಾವ ಕಡೆ? ದಾಖಲೆ ಇಲ್ಲ. ಸದಸ್ಯರನ್ನು ಸಾಲಾಗಿ ನಡೆಸಿ ತಲೆ ಎಣಿಸಿದರು, ಹೆಸರು ಬರೆಯಲಿಲ್ಲ. ಇಡೀ ಸದನವೇ ಸಮಿತಿಯಾಗಿ ಕೂತಾಗಿನ ಮತಗಳನ್ನು ಹೆಸರು ಹಿಡಿದು ದಾಖಲಿಸುವ ವ್ಯವಸ್ಥೆ ಬಂದದ್ದು 1970ರ ಸುಧಾರಣೆಯ ನಂತರ. ಅದಕ್ಕೆ ಹಿಂದಿನ ಕಾಲದ ಬಗ್ಗೆ ‘ತಿದ್ದುಪಡಿಗಳನ್ನೆಲ್ಲ ನೋಡಿದೆ’ ಅಂತ ಯಾರಾದರೂ ಅಂದರೆ ನಂಬಬೇಡಿ.

ಒಮ್ಮತದ ಮತಗಳದ್ದು ಬೇರೆ ತೊಡಕು. ಅಲ್ಪಮತ ಶೇ. 2.5ಕ್ಕಿಂತ ಕಡಿಮೆ ಇದ್ದರೆ ಅಂಕದ ಲೆಕ್ಕಕ್ಕೆ ಅದು ಬರುವುದಿಲ್ಲ. 2006ರಲ್ಲಿ ಮತದಾನ ಹಕ್ಕು ಕಾಯ್ದೆಯನ್ನು (ಮತದಾನದಲ್ಲಿ ಜನಾಂಗ ಭೇದ ತಡೆಯಲು 1965ರಲ್ಲಿ ಬಂದದ್ದು) ಸೆನೆಟ್ 98–0ರಲ್ಲಿ ಮುಂದುವರಿಸಿತು. ನಾಮಿನೇಟಿಗೆ ಅದು ಶೂನ್ಯ ಮಾಹಿತಿ, ಪಕ್ಷಗಳ ಚರಿತ್ರೆ ಬರೆಯುವವರಿಗೆ ಅದೇ ಮೈಲಿಗಲ್ಲು. ಅದೇ ವರ್ಷ ಪ್ರತಿನಿಧಿ ಸಭೆಯಲ್ಲಿ 390–33, ವಿರೋಧಿಸಿದ 33 ಮಂದಿಯೂ ರಿಪಬ್ಲಿಕನ್ನರು, ಆದರೆ ಪಕ್ಷದ ಬಹುಪಾಲು ಪರ. 2013ರಲ್ಲಿ ಸುಪ್ರೀಂ ಕೋರ್ಟ್ ಶೆಲ್ಬಿ ಕೌಂಟಿ ತೀರ್ಪಿನಲ್ಲಿ ಕಾಯ್ದೆಯ ಬೆನ್ನೆಲುಬು ಮುರಿಯಿತು. ಅದನ್ನು ನೆಟ್ಟಗೆ ಮಾಡಲು 2021ರ ಆಗಸ್ಟಿನಲ್ಲಿ ಬಂದ ಜಾನ್ ಲೂಯಿಸ್ ಮಸೂದೆಗೆ 219–212. ಪರವಾಗಿ ಒಬ್ಬ ರಿಪಬ್ಲಿಕನ್ನೂ ಇಲ್ಲ. ಹದಿನೈದು ವರ್ಷದ ಅಂತರದ ಈ ಎರಡು ಪುಟಗಳನ್ನು ಅಕ್ಕಪಕ್ಕ ತೆರೆದಿಟ್ಟು ನೋಡಿ.

‘ಅದಲುಬದಲಾದರು’ ಎಂಬ ಮಾತಿಗೂ ಪೆಟ್ಟು ಬೀಳುವುದು ಈ ಫೈಲುಗಳಿಂದಲೇ. 1964ರಲ್ಲಿ ವಿರುದ್ಧ ಮತ ಹಾಕಿದ 21 ಡೆಮೊಕ್ರಾಟಿಕ್ ಸೆನೆಟರುಗಳಲ್ಲಿ ರಿಪಬ್ಲಿಕನ್ ಆದವರು ಥರ್ಮಂಡ್ ಒಬ್ಬರೇ. ಮಿಸಿಸಿಪ್ಪಿಯ ಜಾನ್ ಸ್ಟೆನಿಸ್ 1989ರವರೆಗೂ ಡೆಮೊಕ್ರಾಟ್ ಆಗಿಯೇ ಕೂತಿದ್ದರು. ಬದಲಾದದ್ದು ಮನುಷ್ಯರಿಗಿಂತ ಹೆಚ್ಚಾಗಿ ಕುರ್ಚಿ: ಒಬ್ಬೊಬ್ಬರೇ ನಿವೃತ್ತರಾದಂತೆ ಆ ಜಾಗಕ್ಕೆ ಬೇರೆ ಪಕ್ಷದವರು ಗೆದ್ದು ಬಂದರು. ದಕ್ಷಿಣದ ಪ್ರತಿನಿಧಿ ಸಭೆಯ ಸೀಟುಗಳಲ್ಲಿ ರಿಪಬ್ಲಿಕನ್ನರಿಗೆ ಬಹುಮತ ಬರಲು 1994ರ ಚುನಾವಣೆ ಬೇಕಾಯಿತು, ಮೂವತ್ತು ವರ್ಷ.

ಮತ ಮಾತ್ರ ಸಾಲದು, ಪಕ್ಷ ಬಾಯಲ್ಲಿ ಏನಂದಿತು ಅನ್ನುವುದೂ ಬೇಕು. ಅದಕ್ಕೆ ಸಾಂತಾ ಬಾರ್ಬರಾ ಕ್ಯಾಂಪಸ್ಸಿನ ಅಮೆರಿಕನ್ ಪ್ರೆಸಿಡೆನ್ಸಿ ಪ್ರಾಜೆಕ್ಟ್ ತೆರೆಯಿರಿ, ಅದೂ ಉಚಿತ. 1840ರಿಂದೀಚಿನ ಪ್ರಣಾಳಿಕೆಗಳ ಪೂರ್ಣ ಪಠ್ಯ ಅಲ್ಲಿದೆ. ಮಹಿಳೆಯರ ಸಮಾನ ಹಕ್ಕಿನ ಸಂವಿಧಾನ ತಿದ್ದುಪಡಿಯನ್ನು ರಿಪಬ್ಲಿಕನ್ನರು 1940ರಲ್ಲೇ ಬೆಂಬಲಿಸಿದ್ದು, ಡೆಮೊಕ್ರಾಟರು 1944ರಲ್ಲಿ ಹಿಂದೆ ಬಂದದ್ದು, 1980ರಲ್ಲಿ ರಿಪಬ್ಲಿಕನ್ನರು ಆ ಬೆಂಬಲ ಕೈಬಿಟ್ಟದ್ದು ಹತ್ತು ನಿಮಿಷದಲ್ಲಿ ಸಿಗುತ್ತದೆ. ಎಚ್ಚರ ಬೇಕಾದದ್ದು 1964ರಲ್ಲಿ. ಆ ವರ್ಷದ ರಿಪಬ್ಲಿಕನ್ ಪ್ರಣಾಳಿಕೆ ಹೊಸ ನಾಗರಿಕ ಹಕ್ಕು ಕಾಯ್ದೆಯನ್ನು ಪೂರ್ತಿ ಜಾರಿ ಮಾಡುತ್ತೇವೆ ಅನ್ನುತ್ತದೆ, ಅಭ್ಯರ್ಥಿ ಬ್ಯಾರಿ ಗೋಲ್ಡ್‌ವಾಟರ್ ಅದೇ ಕಾಯ್ದೆಗೆ ವಿರುದ್ಧ ಮತ ಹಾಕಿ ಬಂದವರು. ತಮ್ಮ ಅರಿಜೋನಾ ಬಿಟ್ಟರೆ ಅವರು ಗೆದ್ದ ಐದೂ ರಾಜ್ಯ ದಕ್ಷಿಣದವು. ಕಾಗದ ಓದಿದವರಿಗೆ ಒಂದು ಪಕ್ಷ, ಮತ ನೋಡಿದವರಿಗೆ ಇನ್ನೊಂದು. 2020ರಲ್ಲಿ ರಿಪಬ್ಲಿಕನ್ನರು ಹೊಸ ಪ್ರಣಾಳಿಕೆ ಬರೆಯಲೇ ಇಲ್ಲ. ಆ ವರ್ಷದ ‘ನಿಲುವು’ ಅಂತ ಯಾರಾದರೂ ತೋರಿಸಿದರೆ ಅದು 2016ರದ್ದು.

ಇತಿಹಾಸ, ರಾಜ್ಯಶಾಸ್ತ್ರದ ವಿದ್ಯಾರ್ಥಿಗಳಿಗೆ, ಅಂಕಣ ಬರೆಯುವವರಿಗೆ ಎರಡೂ ತಾಣ ಬೇಕೇ ಬೇಕು. ಬರೀ ಚಿತ್ರ ನೋಡುವವರು ಮೊಬೈಲಿನಲ್ಲೂ ಸುಧಾರಿಸಬಹುದು, ಎಣಿಸುವವರಿಗೆ ಲ್ಯಾಪ್‌ಟಾಪ್ ಇಲ್ಲದೆ ಆಗದು. 1964 ಕೈಗೆ ಹತ್ತಿದ ಮೇಲೆ ಮದುವೆಯ ಹಕ್ಕನ್ನು ಹಿಡಿಯಿರಿ: 104ನೇ ಕಾಂಗ್ರೆಸ್, 1996, ಮದುವೆ ಅಂದರೆ ಗಂಡು–ಹೆಣ್ಣಿನದು ಮಾತ್ರ ಎಂದ ಕಾಯ್ದೆಗೆ ಪ್ರತಿನಿಧಿ ಸಭೆಯಲ್ಲಿ 342–67, ಡೆಮೊಕ್ರಾಟರಲ್ಲೇ 118 ಮಂದಿ ಪರ. ನಂತರ 117ನೇ ಕಾಂಗ್ರೆಸ್, 2022ರ ಡಿಸೆಂಬರ್ 8, ಅದನ್ನು ರದ್ದು ಮಾಡಿದ ಮಸೂದೆಗೆ 258–169, ರಿಪಬ್ಲಿಕನ್ನರಲ್ಲಿ 39 ಮಂದಿ ಪರ. ಎರಡೂ ಸಲ ಸದನದಲ್ಲಿದ್ದವರ ಬಯೋಗೈಡ್ ಹೊಂದಿಸಿ ನೋಡಿ. ಇಲ್ಲಿ ಕುರ್ಚಿಯ ಜೊತೆಗೆ ಮನುಷ್ಯರೂ ತಿರುಗಿದ್ದು ಸಿಗುತ್ತದೆ.