ಅವ್ವನ ದಮ್ಮಿನ ಪಂಪಿಗೆ ಸ್ಪೇಸರ್: ಎರಡು ಹಂಗಾಮು ಬಳಸಿದ ಮೇಲೆ

ಸ್ಪೇಸರ್ ಎಂದರೆ ಒಂದು ತುದಿಗೆ ದಮ್ಮಿನ (ಅಸ್ತಮಾದ) ಪಂಪು, ಅಂದರೆ ಇನ್‌ಹೇಲರ್, ಸಿಗಿಸುವ, ಇನ್ನೊಂದು ತುದಿಗೆ ಬಾಯಿ ಹಚ್ಚುವ ಪ್ಲಾಸ್ಟಿಕ್ ಕೊಳವೆ. ಕೆಲವು ನೂರು ರೂಪಾಯಿಗೆ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ನಮ್ಮ ಮನೆಯಲ್ಲಿ ದಮ್ಮಿಗೆಂದು ಇಷ್ಟು ವರ್ಷ ಸುರಿದ ದುಡ್ಡಿನಲ್ಲಿ ಇದರಷ್ಟು ಕೆಲಸಕ್ಕೆ ಬಂದದ್ದು ಮತ್ತೊಂದಿಲ್ಲ. ಐದಕ್ಕೆ ನಾಲ್ಕು ಅಂಕ. ಒಂದು ಯಾಕೆ ಕಳೆದೆ ಎಂಬುದು ಮುಂದೆ ಬರುತ್ತದೆ.

ನಮ್ಮದು ಮುಧೋಳ ತಾಲೂಕು. ಕಬ್ಬು ಕಡಿದ ಹೊಲಗಳಲ್ಲಿ ರವದಿಗೆ, ಅಂದರೆ ಕಬ್ಬಿನ ಒಣ ಎಲೆಗೆ, ಬೆಂಕಿ ಹಚ್ಚಿದಾಗ ಕರಿ ಬೂದಿ ಅಂಗಳದ ತನಕ ಹಾರಿ ಬರುತ್ತದೆ. ಅದಕ್ಕೆ ಚಳಿಯೂ ಸೇರುತ್ತದೆ. ಪ್ರತಿ ಹಂಗಾಮಿಗೂ ಅವ್ವ ರಾತ್ರಿ ಎದ್ದು ಕೂಡುತ್ತಿದ್ದಳು. ಪಂಪು ಕೊಟ್ಟಿದ್ದರು, ಡೋಸು ಏರಿಸಿದ್ದರು, ಗುಳಿಗೆಯನ್ನೂ ಸೇರಿಸಿದ್ದರು. "ಪಂಪ್ ಹೊಡಕೊಂಡ್ರೂ ಎದಿ ಬಿಡವಲ್ದಪಾ" ಎನ್ನುವುದು ಮಾತ್ರ ನಿಲ್ಲಲಿಲ್ಲ. ಆ ಪಂಪನ್ನು ಹೇಗೆ ಎಳೆಯಬೇಕೆಂದು ಕೊಟ್ಟವರು ಯಾರೂ ತೋರಿಸಿರಲಿಲ್ಲ.

ಕೊನೆಗೆ ಬಾಗಲಕೋಟೆಯಲ್ಲಿ ಎದೆರೋಗದ ಡಾಕ್ಟರೊಬ್ಬರು ಚೀಟಿ ಬರೆಯುವ ಮೊದಲು, "ಅವ್ವಾರ, ನನ್ ಮುಂದ ಒಮ್ಮೆ ಎಳದ್ ತೋರಸ್ರಿ" ಎಂದರು. ಅವ್ವ ಪಂಪು ಒತ್ತಿದಳು, ಆಮೇಲೆ ಉಸಿರೆಳೆದಳು. ಬಿಳಿ ಮಂಜು ಬಾಯಿಂದ ಹೊರಗೇ ಬಂತು. "ಔಷಧ ನಾಲಿಗಿಗೆ ಬಿತ್ರಿ, ಎದಿಗೆ ಹೋಗ್ಲಿಲ್ಲ" ಎಂದು ಅವರು ಹೇಳಿದಾಗ ಅವ್ವನ ಧ್ವನಿ ವರ್ಷದಿಂದ ಯಾಕೆ ಬಿದ್ದಿತ್ತು, ನಾಲಿಗೆಯ ಮೇಲೆ ಬಿಳಿ ಮಚ್ಚೆ ಯಾಕೆ ಬರುತ್ತಿದ್ದವು ಎಂಬುದೂ ತಿಳಿಯಿತು. ದಿನಾ ಎಳೆಯುವ ಪಂಪಿನಲ್ಲಿ ಸ್ಟೀರಾಯ್ಡ್ ಇರುತ್ತದೆ. ಅದು ಗಂಟಲಲ್ಲೇ ಕೂತರೆ ಹೀಗಾಗುತ್ತದೆ.

ಪಂಪಿನಿಂದ ಔಷಧಿ ಬಹಳ ವೇಗವಾಗಿ ಚಿಮ್ಮುತ್ತದೆ. ಒತ್ತುವುದು ಮತ್ತು ಉಸಿರೆಳೆಯಲು ಶುರುಮಾಡುವುದು ಒಂದೇ ಕ್ಷಣಕ್ಕೆ ಕೂಡಬೇಕು. ಸರಿಯಾಗಿ ಎಳೆದವರಿಗೂ ಶ್ವಾಸಕೋಶ ಮುಟ್ಟುವುದು ಸುಮಾರು ಶೇ. 10ರಿಂದ 20 ಭಾಗ, ಉಳಿದದ್ದು ಬಾಯಿ, ಗಂಟಲಿಗೆ ಅಂಟುತ್ತದೆ. ಸ್ಪೇಸರ್ ಆ ಮಂಜನ್ನು ಸ್ವಲ್ಪ ಹೊತ್ತು ಒಳಗೆ ಹಿಡಿದು ನಿಲ್ಲಿಸುತ್ತದೆ. ದೊಡ್ಡ ಹನಿಗಳು ಅದರ ಗೋಡೆಗೇ ಉಳಿಯುತ್ತವೆ, ಸಣ್ಣವು ಉಸಿರಿನ ಜೊತೆ ಕೆಳಗಿಳಿಯುತ್ತವೆ. ಕೈ ನಡುಗುವ, ಗಾಬರಿಯಾಗುವ ವಯಸ್ಸಾದವರಿಗೆ ಇದು ದೊಡ್ಡ ಅನುಕೂಲ.

ಅವ್ವ ಈಗ ಮಾಡುವುದು ಇಷ್ಟು: ನೆಟ್ಟಗೆ ಕೂತು, ಪಂಪು ಚೆನ್ನಾಗಿ ಅಲುಗಾಡಿಸಿ, ಸ್ಪೇಸರಿಗೆ ಸಿಗಿಸಿ, ಉಸಿರು ಪೂರ್ತಿ ಹೊರಗೆ ಬಿಟ್ಟು, ತುಟಿ ಬಿಗಿಮಾಡಿ, ಒಂದು ಸಲ ಒತ್ತಿ ನಿಧಾನ ಎಳೆಯುತ್ತಾಳೆ. ಹತ್ತು ಎಣಿಸುವ ತನಕ ಉಸಿರು ಹಿಡಿಯುತ್ತಾಳೆ. ಎರಡನೆಯದಕ್ಕೆ ಅರ್ಧ ನಿಮಿಷವಾದರೂ ಬಿಟ್ಟು ಮತ್ತೆ ಅಲುಗಾಡಿಸುತ್ತಾಳೆ. ಎರಡನ್ನೂ ಒಟ್ಟಿಗೆ ಒತ್ತಬಾರದು. ದಮ್ಮು ಜೋರಿದ್ದು ಉಸಿರು ಹಿಡಿಯಲಾಗದಿದ್ದರೆ ಸ್ಪೇಸರಿನಿಂದಲೇ ಐದಾರು ಸಲ ಸಹಜವಾಗಿ ಉಸಿರಾಡಬೇಕು. ಸ್ಟೀರಾಯ್ಡ್ ಪಂಪಾದರೆ ಕೊನೆಗೆ ಬಾಯಿ ಮುಕ್ಕಳಿಸಿ ಉಗುಳಲೇಬೇಕು. ಈಗ ಅವ್ವನ ಧ್ವನಿ ಮರಳಿದೆ, ತುರ್ತಿನ ಪಂಪು ಹುಡುಕುವುದು ಅಪರೂಪವಾಗಿದೆ, ರವದಿ ಸುಡುವ ದಿನಗಳಲ್ಲೂ ಹೆಚ್ಚಿನ ರಾತ್ರಿ ಮಲಗುತ್ತಾಳೆ. ಔಷಧಿ ಮೊದಲಿನದೇ. ಏರಿಸಿದ್ದ ಡೋಸನ್ನು ಡಾಕ್ಟರು ಆಮೇಲೆ ಇಳಿಸಿದರು.

ಜಾಗತಿಕ ಅಸ್ತಮಾ ಮಾರ್ಗಸೂಚಿಯಾದ ಜಿನಾ ಹೇಳುವುದನ್ನು ಓದಿ ನನಗೆ ಸಂಕಟವಾಯಿತು. ಶೇ. 70–80ರ ತನಕ ರೋಗಿಗಳು ಇನ್‌ಹೇಲರ್ ಸರಿಯಾಗಿ ಬಳಸುವುದಿಲ್ಲ. ಕಲಿಸಿದರೂ ನಾಲ್ಕಾರು ವಾರಗಳಲ್ಲಿ ತಪ್ಪು ಮರಳುತ್ತದೆ. ಡೋಸು ಏರಿಸುವ ಮೊದಲು ಎಳೆಯುವ ರೀತಿ ನೋಡಬೇಕು. ನಮ್ಮೂರಲ್ಲಿ ಇನ್ನೂ ಜನ "ಪಂಪ್ ಚಟಾ ಹತ್ತತೈತಿ, ಗುಳಿಗಿನ ಚಲೋ" ಎನ್ನುತ್ತಾರೆ. ಆದರೆ ತುರ್ತಿಗೆ ಎಳೆಯುವ ಸಾಲ್ಬುಟಮಾಲ್ ಪಂಪಿನ ಒಂದು ಒತ್ತಿಗೆ ಬರುವುದು 100 ಮೈಕ್ರೋಗ್ರಾಂ, ಅದೇ ಔಷಧಿಯ 4 ಮಿಲಿಗ್ರಾಂ ಗುಳಿಗೆ ಅದರ ನಲವತ್ತು ಪಟ್ಟು. ಇದನ್ನು ದಯವಿಟ್ಟು ನಿಮ್ಮ ಮನೆಯ ಹಿರಿಯರಿಗೆ ಹೇಳಿ.

ಇನ್ನು ಕಳೆದ ಅಂಕದ ವಿಷಯ. ನಮಗೆ ಸಿಕ್ಕದ್ದರ ಜೊತೆಗಿನ ಚೀಟಿಯಲ್ಲಿ ಕನ್ನಡ ಇರಲಿಲ್ಲ. ಅವ್ವ ಸೆರಗಿನಿಂದ ಒರೆಸಿ ಒರೆಸಿ ಇಡುತ್ತಿದ್ದಳು. ಒರೆಸಿದರೆ ಪ್ಲಾಸ್ಟಿಕ್ಕಿನಲ್ಲಿ ಸ್ಥಿರವಿದ್ಯುತ್ ಹುಟ್ಟಿ ಔಷಧಿ ಗೋಡೆಗೆ ಅಂಟುತ್ತದೆಂದು ಡಾಕ್ಟರೇ ಹೇಳಬೇಕಾಯಿತು. ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಅದ್ದಿ, ಉಜ್ಜದೆ, ನೆರಳಲ್ಲಿ ತಾನೇ ಆರಲು ಬಿಡಬೇಕು. ಬೋರಿನ ನೀರಿನಿಂದ ಬಿಳಿ ಕಲೆ ಕೂತದ್ದಕ್ಕೆ ನಾವು ಕುಡಿಯುವ ನೀರಿನಲ್ಲೇ ತೊಳೆಯುತ್ತೇವೆ. ವರ್ಷ ತುಂಬುವಷ್ಟರಲ್ಲಿ ಮೊದಲಿನದರ ವಾಲ್ವ್ ಬಿಗಿಯಾಗಿ, ಹೊಸದು ತರಬೇಕಾಯಿತು. ಜೊತೆಗೆ ಇದು ಕಿಸೆಗೆ ಹಿಡಿಸುವುದಿಲ್ಲ, ಮದುವೆ ಮನೆಯಲ್ಲಿ ಹೊರಗೆ ತೆಗೆಯಲು ಅವ್ವ ಸಂಕೋಚಪಡುತ್ತಾಳೆ.

ಕ್ಯಾಪ್ಸೂಲ್ ಹಾಕಿ ಪುಡಿ ಎಳೆಯುವ ಸಾಧನಕ್ಕೆ ಇದು ಬೇಡ. ನಮ್ಮ ಕಾಕಾನ ಹತ್ತಿರ ಅದಿದೆ. ಅದರಲ್ಲಿ ನಿಧಾನ ಎಳೆದರೆ ಪುಡಿ ಒಳಗೇ ಉಳಿಯುತ್ತದೆ, ಜೋರಾಗಿ, ಆಳವಾಗಿ ಎಳೆಯಬೇಕು. ಅದರೊಳಗೆ ಉಸಿರು ಬಿಟ್ಟರೆ ಪುಡಿ ತೇವವಾಗುತ್ತದೆ. ಅವ್ವನನ್ನು ನೋಡಿ ಕಾಕಾ ತಾನೂ ಮೆಲ್ಲಗೆ ಎಳೆಯತೊಡಗಿದ್ದ. ಒಂದೇ ಮನೆಯಲ್ಲಿ ಎರಡು ಬಗೆ ಇದ್ದರೆ ಇಬ್ಬರಿಗೂ ಬೇರೆ ಬೇರೆ ಕೂಡಿಸಿ ಕಲಿಸಿ. ಸಣ್ಣ ಮಕ್ಕಳಿಗೆ, ತುಟಿ ಬಿಗಿಮಾಡಲಾಗದ ಮುದುಕರಿಗೆ ಮುಖಕ್ಕೆ ಹಿಡಿಯುವ ಮಾಸ್ಕ್ ಇರುವ ಸ್ಪೇಸರ್ ಬರುತ್ತದೆ, ಅಂಗಡಿಯಲ್ಲಿ ಅದನ್ನೇ ಕೇಳಿ ಪಡೆಯಿರಿ.